ತೊಡೆಯೊಳಗಿನ ಹಲಗಿ

ಮನುಷ್ಯರ ರಕ್ತನಾಳಗಳನ್ನು ಮಗ್ಗದ ಮೇಲೆ ನೇಯುತ್ತಿದ್ದ ಕಾಲ ಅದು. ನಗಬೇಡಿ, ಇಳಕಲ್ಲಿನಲ್ಲಿ ಸೀರೆ ನೇಯ್ದಷ್ಟೇ ನಿಜ. ಒಬ್ಬರ ತೋಳಿನಿಂದ ಉಗುರಿನ ಚೂರಿನಷ್ಟು ಚರ್ಮ ತೆಗೆದು, ಅದರ ಕೋಶಗಳನ್ನು ಬೆಚ್ಚಗಿನ ದ್ರವದಲ್ಲಿ ಬೆಳೆಸಿ ಎಳೆ ಮಾಡಿ, ಗಾಜಿನ ಮಗ್ಗದಲ್ಲಿ ಕೊಳವೆಯಾಗಿ ಹೆಣೆಯುತ್ತಿದ್ದರು. ಹೆಣೆದ ಮಾತ್ರಕ್ಕೆ ಅದು ನಾಳವಾಗುವುದಿಲ್ಲ, ಅದಕ್ಕೆ ನಾಡಿ ಕಲಿಸಬೇಕು. ಎಳೆ ಕೊಟ್ಟವರ ನಾಡಿಬಡಿತವನ್ನೇ ಹಿಡಿದಿಟ್ಟುಕೊಂಡು ಅದೇ ಲಯದಲ್ಲಿ ಕೊಳವೆಯೊಳಗೆ ದ್ರವವನ್ನು ಒತ್ತಿ ಒತ್ತಿ ಹಾಯಿಸಬೇಕು. ಹೊಡೆತ ತಿಂದು ತಿಂದು ಗೋಡೆ ಗಟ್ಟಿಯಾಗುತ್ತದೆ. ಆ ಲಯ ಗೋಡೆಗೆ ಎಷ್ಟು ಅಂಟಿಕೊಳ್ಳುತ್ತದೆ ಎಂದರೆ, ಬೇರೆಯವರ ಮೈಯಲ್ಲಿ ಕೂರಿಸಿದ ಮೇಲೂ ನಾಳ ತನ್ನಷ್ಟಕ್ಕೆ ತಾನು ಸಣ್ಣಗೆ ಬಡಿದುಕೊಳ್ಳುತ್ತಿರುತ್ತದೆ. ಒಂದೇ ಮೈ, ಎರಡು ನಾಡಿ! ಆ ಕಿರಿಕಿರಿ ಬೇಡವೆನ್ನುವವರಿಗಾಗಿ ನಾಳವನ್ನು ಮೊದಲೇ ಒಂದು ದ್ರಾವಣದಲ್ಲಿ ಅದ್ದಿ ಲಯ ಅಳಿಸುತ್ತಿದ್ದರು. ನಾಳಶಾಲೆಯ ಜನ ಅದನ್ನು ಮರೆವಿನ ನೀರು ಎಂದು ಕರೆಯುತ್ತಿದ್ದರು. ಅದ್ದುವುದೋ ಬಿಡುವುದೋ ಎಳೆ ಕೊಟ್ಟವರ ಇಷ್ಟ. ಮಗನಿಗೆ ನಾಳ ಕೊಟ್ಟ ತಾಯಂದಿರು ಬಹಳ ಮಂದಿ ಬೇಡವೆನ್ನುತ್ತಿದ್ದರು. ಅಮ್ಮನ ನಾಡಿಯ ಮೇಲೆ ಕೈ ಇಟ್ಟುಕೊಂಡು ಮಲಗುವ ಗಂಡಸರು ಆ ಕಾಲದಲ್ಲಿ ಇದ್ದರು.

ಹೊಸ ವಿದ್ಯೆ ಬಂದಾಗ ಮೊದಲು ಕಳ್ಳರಿಗೇ ಅನುಕೂಲವಾಗುತ್ತದಲ್ಲವೇ? ಇದರಲ್ಲೂ ಹಾಗೆಯೇ ಆಯಿತು. ಬಡವರ ಚರ್ಮವನ್ನು ಕೇಳದೆ ಕೊಯ್ದುಕೊಂಡು ಎಳೆ ಮಾಡಿ ಮಾರಿದರು. ಜನ ಬೀದಿಗಿಳಿದರು. ಕೊನೆಗೆ ಧಾರೆಯ ಕಾಯಿದೆ ಬಂತು. ಮದುವೆಯಲ್ಲಿ ಕನ್ಯೆಯನ್ನು ಧಾರೆ ಎರೆದುಕೊಡುವ ಹಾಗೆ, ಎಳೆ ಕೊಟ್ಟವರು ಪಡೆಯುವವರ ಎದುರು ಕೂತು, ಎರಡೂ ಕಡೆಯ ಸಾಕ್ಷಿಗಳ ಮುಂದೆ ಅವರ ಬಲಗೈಗೆ ನೀರು ಎರೆದು ಕೊಡಬೇಕು. ಕೊಟ್ಟದ್ದಕ್ಕೆ ಹಣ ಕೇಳುವಂತಿಲ್ಲ. ಮಾತು ಕೇಳಬಹುದು. ಕೇಳಿದ ಮಾತಿಗೆ ಪಡೆಯುವವರು ಉತ್ತರ ಹೇಳಲೇಬೇಕು. ಹೇಳದಿದ್ದರೆ ನೀರಿಲ್ಲ, ನೀರಿಲ್ಲದಿದ್ದರೆ ನಾಳವೂ ಇಲ್ಲ.

ಬೆಳಗಾವಿಯ ನಾಳಶಾಲೆಯ ಮುಖ್ಯಸ್ಥೆ ಮಾಯಕ್ಕ ಹೊನಕಾಂಬಳೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಸಮಗಾರರ ಮನೆಯ ಮಗಳು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಅವಳ ಮಗ್ಗದಿಂದ ಹೊರಬಿದ್ದ ನಾಳ ಒಂದೂ ಸೋರಿರಲಿಲ್ಲ.

ಒಂದು ಬೆಳಗ್ಗೆ ಅವಳು ಚಹಾ ಕುಡಿಯುತ್ತಿದ್ದಾಗ ಆಸ್ಪತ್ರೆಯ ಶಸ್ತ್ರವೈದ್ಯೆ ನಫೀಸಾ ಒಳಗೆ ಬಂದಳು. ಇಬ್ಬರೂ ಓದುವ ಕಾಲದಿಂದ ಗೆಳತಿಯರು.

"ಮಾಯಕ್ಕಾ, ಅರ್ಜೆಂಟ್ ಕೇಸ್ ಐತಿ. ಬಲತೊಡಿ ಮ್ಯಾಲ, ತೊಡಿಸಂದಿಗೆ ಹತ್ತಿ, ಧಮನಿ ಉಬ್ಬಿ ನಿಂಬಿಹಣ್ಣಿನಷ್ಟಾಗೇತಿ. ಹೃದಯದ ಟೆಸ್ಟಿಗಂತ ಅಲ್ಲಿಂದ ನಳಿಗಿ ತೂರಿಸಿದ್ರಂತ, ಆ ಗಾಯ ನಂಜಾಗಿ ಗ್ವಾಡಿ ತಿಂದೈತಿ. ಯಾವಾಗ ಒಡೀತೈತೋ ಹೇಳಾಕ ಬರಂಗಿಲ್ಲ."

"ಪ್ಲಾಸ್ಟಿಕ್ ನಳಿಗಿ ಹಾಕು."

"ನಂಜಿರೂ ಜಾಗಾಕ್ಕ ಪ್ಲಾಸ್ಟಿಕ್ ಹಾಕಿದ್ರ ಅದಕೂ ನಂಜ ಹತ್ತತೈತಿ. ಅವರದ ಕಾಲಿನ ನರಾ ತಗೀಬೇಕಂದ್ರ ಎರಡೂ ಕಾಲಿಂದು ಹಿಂದ ಬೈಪಾಸಿಗೆ ಹೋಗ್ಯಾವು. ಅವರದ ಚರ್ಮದ ಎಳಿ ಬೆಳಸಾಕ ಟೈಮಿಲ್ಲ, ಮೊದಲ ಬೆಳಸಿಟ್ಟ ಎಳೀನ ಬೇಕು. ನಿನ್ನ ನಾಳ ಬಿಟ್ರ ಗತಿ ಇಲ್ಲ."

"ಯಾರಂವ?"

"ಅಥಣಿ ಕಡೆಯವರ. ತಾವೂ ಸರ್ಜನ್ ಇದ್ರಂತ. ಗಜಾನನ ಇನಾಂದಾರ ಅಂತ ಹೆಸರು."

ಮಾಯಕ್ಕ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟಳು. ಎಂದಾದರೂ ಆ ಹೆಸರು ಎದುರು ಬಂದರೆ ಕೈಕಾಲು ನಡುಗೀತು ಎಂದುಕೊಂಡಿದ್ದಳು. ನಡುಕ ಬರಲಿಲ್ಲ. ಎಷ್ಟೋ ವರ್ಷ ಉಪವಾಸ ಬಿದ್ದವಳಿಗೆ ಆಗುವಂತೆ ಹಸಿವಾಯಿತು. 'ಸಿಕ್ಕೆಲ್ಲೋ ಮಗನ' ಎಂದಿತು ಅವಳ ಮನಸ್ಸು.

ಯಾರ ಎಳೆ ಈ ರೋಗಿಯ ಮೈಗೆ ಹೊಂದುತ್ತದೆ ಎಂದು ಯಂತ್ರವನ್ನು ಕೇಳಿದಳು. ನಾಡಿನ ನಾಳಶಾಲೆಗಳಲ್ಲಿದ್ದ ಅಷ್ಟೂ ಎಳೆಗಳನ್ನು ಜಾಲಾಡಿ ಯಂತ್ರ ಒಂದೇ ಹೆಸರು ತೋರಿಸಿತು: ಸಿದರಾಯ ಹೊನಕಾಂಬಳೆ, ಅಥಣಿ. ಮಾಯಕ್ಕ ವಿದ್ಯೆ ಕಲಿತು ಮೊಟ್ಟಮೊದಲು ನೇಯ್ದದ್ದು ಆ ಎಳೆಯನ್ನು. ಅವಳ ಅಪ್ಪನದು.

ಅವಳು ಗಟ್ಟಿಯಾಗಿ ನಕ್ಕಳು. ನಫೀಸಾ ಗಾಬರಿಯಾದಳು.

"ಏನಾತ ಮಾಯಕ್ಕಾ?"

"ಕೂಡು, ಹೇಳ್ತೀನಿ."

ಮಾಯಕ್ಕ ಎಂಟೊಂಬತ್ತು ವರ್ಷದವಳಿದ್ದಾಗಿನ ಮಾತು. ಸಿದರಾಯ ತೊಗಲನ್ನು ತೊಡೆಗೆ ಒತ್ತಿಕೊಂಡು ರಂಪಿಗೆಯಿಂದ ಚಪ್ಪಲಿಯ ಅಟ್ಟೆ ಕೊಯ್ಯುತ್ತಿದ್ದ. ರಂಪಿಗೆ ಎಂದರೆ ಸಮಗಾರರ ಅಗಲ ಬಾಯಿಯ ಚೂರಿ. ಅದು ಜಾರಿ ಬಲತೊಡೆಯ ಮೇಲ್ಭಾಗಕ್ಕೆ ನೆಟ್ಟಿತು. ಹೆಂಡತಿ ಸೀರೆಯ ಸೆರಗು ಹರಿದು ಬಿಗಿದು ಕಟ್ಟಿದಳು, ರಕ್ತ ನಿಂತಿತು. ಆಯಿತು ಎಂದುಕೊಂಡರು. ಆಗಿರಲಿಲ್ಲ. ಒಳಗೆ ಧಮನಿಗೆ ತೂತು ಬಿದ್ದು, ಹೊರಚೆಲ್ಲಿದ ರಕ್ತ ಮಾಂಸದ ನಡುವೆ ಚೀಲ ಕಟ್ಟಿಕೊಂಡು, ಸವೆದ ಸೈಕಲ್ ಟ್ಯೂಬು ಒಂದು ಕಡೆ ಉಬ್ಬುವ ಹಾಗೆ ಉಬ್ಬತೊಡಗಿತು. ಮೇಲಿನ ಚರ್ಮ ಕೆಂಪಾಗಿ ಬಿಸಿಯಾಯಿತು. ನೋವಿದ್ದರೂ ಸಿದರಾಯ ಮಗಳನ್ನು ಕರೆದು ತಮಾಷೆ ಮಾಡುತ್ತಿದ್ದ.

"ಮಾಯೀ, ಬಾ ಇಲ್ಲೆ. ನನ್ನ ತೊಡ್ಯಾಗ ಯಾರೋ ಹಲಗಿ ಬಾರಿಸಾಕತ್ತಾರ. ಕೈ ಇಟ್ಟ ನೋಡು."

ಅವಳು ಅಂಗೈ ಇಡುತ್ತಿದ್ದಳು. ಧಬ್ ಧಬ್ ಧಬ್. ನಿಜವಾಗಿಯೂ ಜಾತ್ರೆಯಲ್ಲಿ ಬಾರಿಸುವ ತೊಗಲಿನ ಹಲಗಿಯೇ.

ಕೀವಿನ ಗಡ್ಡೆ ಬಡಿದುಕೊಳ್ಳುವುದಿಲ್ಲ. ಧಮನಿಯ ಉಬ್ಬು ಬಡಿದುಕೊಳ್ಳುತ್ತದೆ. ಇದನ್ನು ತಿಳಿಯಲು ಯಂತ್ರ ಬೇಡ, ಒಂದು ಕೈ ಸಾಕು. ತಿಳಿದವರು ಮೊದಲು ಮೇಲೆ ಕೆಳಗೆ ಧಮನಿಗೆ ಇಕ್ಕಳ ಹಾಕಿ ರಕ್ತ ತಡೆದು, ಆಮೇಲೆ ತೂತು ಮುಚ್ಚುತ್ತಾರೆ. ಕಾಲೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಊರಿನ ದವಾಖಾನೆಯಲ್ಲಿ ಡಾಕ್ಟರ್ ಇನಾಂದಾರ ಸಿದರಾಯನ ಧೋತರವನ್ನು ಇಕ್ಕಳದ ತುದಿಯಿಂದ ಸರಿಸಿ, ಮಾರು ದೂರ ನಿಂತು, ಕೆಂಪಗಿದ್ದ ಜಾಗ ನೋಡಿ, "ಕೀವು ತುಂಬೇದ, ಕೊಯ್ದ ಬಿಡೋಣ" ಎಂದ. ಪರದೆ ಹಿಡಿದು ನಿಂತಿದ್ದ ಹುಡುಗಿ ತಡೆಯಲಾರದೆ ಕೂಗಿದಳು.

"ಬಡ್ಕೊಳ್ಳಾಕತ್ತೈತ್ರಿ ಸಾಹೇಬ್ರ! ಕೈ ಇಟ್ಟ ನೋಡ್ರಿ!"

"ಈ ಹುಡುಗೀನ್ನ ಹೊರಗ ಹಾಕ್ರಿ" ಎಂದ ಡಾಕ್ಟರ್.

ಹೊರಗೆ ಹಾಕಿದರು. ಒಳಗೆ ಚಾಕು ಇಟ್ಟದ್ದೇ ತಡ, ರಕ್ತ ಗೋಡೆಗೆ ಚಿಮ್ಮಿತು. ಇನಾಂದಾರ ಗಡಿಬಿಡಿಯಲ್ಲಿ ಧಮನಿಯನ್ನೇ ಕಟ್ಟಿಬಿಟ್ಟ. ಜೀವ ಉಳಿಯಿತು, ಕಾಲು ಕಪ್ಪಾಯಿತು. ಅರ್ಧ ತೊಡೆಗೆ ಕತ್ತರಿಸಿದರು. ಇಷ್ಟಕ್ಕೇ ನಿಂತಿದ್ದರೆ ಅವಳ ಸಿಟ್ಟೂ ಒಂದು ದಿನ ಆರುತ್ತಿತ್ತೋ ಏನೋ. ತನ್ನ ಹೆಸರು ಉಳಿಸಿಕೊಳ್ಳಲು ಆತ ಊರ ತುಂಬ ಹೇಳಿಕೊಂಡು ಬಂದ: ಸಿದರಾಯ ಸುಣ್ಣ ಬೆಲ್ಲ ಮೆತ್ತಿಕೊಂಡು, ತಾನೇ ಹಿಚುಕಿ ಒಡೆದುಕೊಂಡು ಬಂದಿದ್ದ, ನಾನು ಜೀವ ಉಳಿಸಿದೆ. ಊರು ಯಾರ ಮಾತು ನಂಬೀತು? ಡಾಕ್ಟರದೋ, ಸಮಗಾರನದೋ? "ರಂಪಿಗಿ ಹಿಡ್ಯಾಕ ಬರದಂವ ಏನ್ ಚಪ್ಪಲಿ ಮಾಡ್ಯಾನು" ಎಂದು ಆಡಿಕೊಂಡರು. ಅಥಣಿಗೆಲ್ಲ ಕರಕರ ಎನ್ನುವ ಚಪ್ಪಲಿ ಹೊಲಿದುಕೊಟ್ಟವನ ಅಂಗಡಿಗೆ ಅಳತೆ ಕೊಡಲು ಬರುವವರು ಇಲ್ಲದಾದರು.

ನಫೀಸಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ನೀ ಈ ಕೇಸ್ ಬಿಡು, ಮಾಯಕ್ಕಾ. ನಾ ಬ್ಯಾರೆ ಶಾಲಿಗೆ ಕೇಳ್ತೀನಿ."

"ಕೇಳು. ಹೊಂದೂ ಎಳಿ ಎಲ್ಲಿದ್ದರೂ ನಮ್ಮಪ್ಪಂದ. ನಾನ ನೇಯ್ತೀನಿ."

ನೇಯಲು ಕೂತಳು. ಧಾರೆಯಾಗುವ ಮೊದಲು ನಾಳ ಬೆಳೆಸಲು ಅಡ್ಡಿಯಿರಲಿಲ್ಲ, ಹೊರಗೆ ಒಯ್ಯಲಷ್ಟೇ ಅಡ್ಡಿ. ಗಾಜಿನ ಮಗ್ಗದಲ್ಲಿ ಅಪ್ಪನ ಎಳೆ ಬೆಳ್ಳಗೆ ಹೆಣೆದುಕೊಂಡಿತು. ನಾಡಿ ಕಲಿಸುವ ಹೊತ್ತು ಬಂದಾಗ ಮಾಯಕ್ಕ ಸಹಾಯಕರನ್ನೆಲ್ಲ ಊಟಕ್ಕೆ ಕಳಿಸಿ, ಒತ್ತಡದ ಗುಂಡಿಯನ್ನು ತಾನೇ ತಿರುಗಿಸಿದಳು. ಮೇಲಕ್ಕಲ್ಲ, ಕೆಳಕ್ಕೆ.

ಅರ್ಧ ಒತ್ತಡದಲ್ಲಿ ಕಲಿತ ನಾಳ ನೋಡಲು ಮಿರಿಮಿರಿ ಮಿಂಚುತ್ತದೆ. ಹೊಲಿಗೆಯೂ ಚೆನ್ನಾಗಿ ಕೂರುತ್ತದೆ. ಒಳಗೆ ಮಾತ್ರ ಹಸಿ. ಕೆಲವು ತಿಂಗಳು ಮನುಷ್ಯ ಆರಾಮಾಗಿ ಓಡಾಡುತ್ತಾನೆ. ಆಮೇಲೆ ಒಂದು ದಿನ ನಾಳ ಉಬ್ಬತೊಡಗುತ್ತದೆ, ಮತ್ತೊಂದು ದಿನ ಒಡೆಯುತ್ತದೆ. ಯಾರೂ ಯಾರನ್ನೂ ಕೇಳುವುದಿಲ್ಲ, ಮುದುಕನ ಮೈ ಒಗ್ಗಿಸಿಕೊಳ್ಳಲಿಲ್ಲ ಎನ್ನುತ್ತಾರೆ. 'ನಿನ್ನ ತೊಡೆಯಲ್ಲೂ ಹಲಗಿ ಬಾರಿಸಲಿ. ನಿನ್ನ ರಕ್ತವೂ ಗೋಡೆಗೆ ಹಾರಲಿ' ಎಂದುಕೊಂಡಳು. ಎದೆ ಹಗುರಾಯಿತು. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ಉಂಡಳು.

ಧಾರೆಗೆ ಅಪ್ಪನನ್ನು ಕರೆತರಬೇಕಲ್ಲ, ರವಿವಾರ ಅಥಣಿಗೆ ಹೋದಳು.

ಸಿದರಾಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ಅಟ್ಟೆ ಬಡಿಯುತ್ತಿದ್ದ. ವಯಸ್ಸಾದರೂ ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಒಂಟಿ ಚಪ್ಪಲಿ ಹೊಲಿಯುವುದು ಸಮಗಾರರಲ್ಲಿ ಅಪಶಕುನ. ಹಾಗಾಗಿ ತನಗೆ ಬೇಕಾದಾಗಲೂ ಆತ ಜೋಡಿಯನ್ನೇ ಮಾಡುತ್ತಿದ್ದ. ಎಡಗಾಲಿನದು ಮೆಟ್ಟಿ ಸವೆಸುತ್ತಿದ್ದ, ಬಲಗಾಲಿನದನ್ನು ತಲೆಯ ಮೇಲಿನ ಗೂಟಕ್ಕೆ ಸಿಕ್ಕಿಸುತ್ತಿದ್ದ. ಮೆಟ್ಟದ ಬಲಗಾಲಿನ ಚಪ್ಪಲಿಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಅವುಗಳ ಕೆಳಗೆ ಕೂತು ಉಣ್ಣುವಾಗ ಮಾಯಕ್ಕ ತಲೆ ಎತ್ತುತ್ತಿರಲಿಲ್ಲ.

ಎಲ್ಲ ಹೇಳಿದಳು. ಹೆಸರು ಕೇಳಿದಾಗ ಸಿದರಾಯನ ಸುತ್ತಿಗೆ ನಿಂತಿತು.

"ಇನ್ನೂ ಅದಾನೇನು ಅಂವ?"

"ಅದಾನ. ನಿನ್ನ ಎಳಿ ಬಿಟ್ಟರ ಬ್ಯಾರೆ ಯಾವದೂ ಹೊಂದಂಗಿಲ್ಲ ಅವಗ."

"ಹೌದ?" ಸಿದರಾಯ ಬಾಯಗಲಿಸಿ ನಕ್ಕ. "ನನ್ನ ನರ? ಅವನ ತೊಡ್ಯಾಗ? ಭಲೇ ಬ್ರಹ್ಮಾ, ಏನ್ ಹೊಲಿಗಿ ಹಾಕೀಯೋ!" ಮತ್ತೆ ಸುತ್ತಿಗೆ ಎತ್ತಿಕೊಂಡ. ನಾಳದ ಸುದ್ದಿ ಬಂದಾಗೆಲ್ಲ ಕೇಳುವ ಮಾತನ್ನೇ ಕೇಳಿದ. "ಹದ ಹೆಂಗೈತಿ?"

ಮಾಯಕ್ಕ ಮುಖ ತಗ್ಗಿಸಿ ನೆಲ ನೋಡಿದಳು.

"ಮಾರಿ ಎತ್ತು ಮಾಯೀ. ಹದ ಹೆಂಗೈತಿ ಅಂತ ಕೇಳೀನಿ."

"ಕಚ್ಚಾ ಬಿಟ್ಟೀನಿ." ಅವಳ ಧ್ವನಿ ಒಡೆಯಿತು. "ಬೇಕಂತ ಬಿಟ್ಟೀನಿ. ನಾಕಾರು ತಿಂಗಳಿಗೆ ಹರೀತೈತಿ. ಯಾರಿಗೂ ಗೊತ್ತಾಗಂಗಿಲ್ಲ. ಅಂವ ಸಾಯಬೇಕಪ್ಪಾ! ನಾ ಅವತ್ತ ಒದರಿ ಹೇಳಿದೆ, ಕೈ ಇಟ್ಟ ನೋಡ್ರಿ ಅಂತ. ನನ್ನ ಹೊರಗ ಹಾಕಿಸಿದ. ಸಾಯ್ಲಿ!"

ಅಪ್ಪ ಅಪ್ಪಿಕೊಂಡು ಕಣ್ಣೊರೆಸಿ, ಕ್ಷಮಿಸು ಮಗಳೇ ಎನ್ನುತ್ತಾನೆ ಎಂದು ನೀವು ಕಾದಿದ್ದರೆ, ಸಿದರಾಯನನ್ನು ನೀವು ಕಂಡಿಲ್ಲ. ಆತ ಕೆಂಡವಾದ.

"ಹುಚ್ಚಿ! ಹದ ಇಲ್ಲದ ತೊಗಲು ಈ ಮನಿ ಹೊಸ್ತಲಾ ದಾಟಿಲ್ಲ, ಗೊತ್ತೈತಿಲ್ಲ ನಿನಗ? ನಾಳೆ ಅದು ಹರೀತಂತ ತಿಳಿ. ಊರ ಏನ ಅಂತೈತಿ? ಸಿದರಾಯನ ನರ, ಸಿದರಾಯನಂಗ ಕಚ್ಚಾ ಅಂತೈತಿ. ಅವತ್ತ ನನ್ನ ಕೈ ಕಚ್ಚಾ ಅಂದ್ರು. ಇಷ್ಟ ವರ್ಷ ಆ ಮಾತ ನುಂಗೀನಿ. ಈಗ ರಕ್ತಾನೂ ಕಚ್ಚಾ ಅನಸ್ತೀಯೇನು?"

ಈ ಲೆಕ್ಕ ಮಾಯಕ್ಕನ ತಲೆಗೆ ಹೊಳೆದೇ ಇರಲಿಲ್ಲ.

"ಹಂಗಾರ ಅವನ್ನ ಬದುಕಸೂದೇನು? ಆರಾಮ ತಿರಗ್ಯಾಡಲಿ ಅಂತೀಯೇನು?"

"ಸತ್ತವಗ ಏನ ನೆನಪಿರ್ತೈತಬೇ? ಸತ್ತರ ಸುಖಾ ಪಟ್ಟ." ಸಿದರಾಯ ರಂಪಿಗೆಯನ್ನು ಮಸೆಗಲ್ಲಿಗೆ ಎಳೆದ. "ನಿನಗ ಸೇಡು ತೀರಿಸ್ಕೊಳ್ಳಾಕ ಬರಂಗಿಲ್ಲ ನನ್ನವ್ವಾ. ಓದಿದಾಕಿ, ಅವಸರ ಮಾಡ್ತಿ. ಗಟ್ಟಿ ಮಾಡು ಅದನ್ನ. ಎಷ್ಟ ಗಟ್ಟಿ ಆಗತೈತೋ ಅಷ್ಟ ಗಟ್ಟಿ ಮಾಡು. ಅಂವ ನೂರ ವರ್ಷ ಬಾಳಬೇಕು." ಸ್ವಲ್ಪ ಹೊತ್ತು ಮಸೆದ ಮೇಲೆ ತಲೆ ಎತ್ತಿದ. ಕಣ್ಣಲ್ಲಿ ಹಳೆಯ ತುಂಟತನ. "ಮತ್ತ ಆ ಮರೆವಿನ ನೀರು ಅಂತೀರಲ್ಲ. ಅದನ್ನ ಹಾಕಬ್ಯಾಡ ಅಂತ ನಾ ಅಂದ್ರ?"

ಮಾಯಕ್ಕ ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಅವಳಿಗೂ ನಗು ಬಂತು, ಕಣ್ಣಲ್ಲಿ ನೀರಿರುವಾಗಲೇ.

ಬೆಳಗಾವಿಗೆ ಮರಳಿ ಗುಂಡಿ ತಿರುಗಿಸಿದಳು, ಈ ಸಲ ಮೇಲಕ್ಕೆ. ಪೂರ್ತಿ ಒತ್ತಡ, ಅದಕ್ಕೂ ಒಂದು ಕೈ ಹೆಚ್ಚು. ನಿಯಂತ್ರಣ ಕೋಣೆಯ ಗಾಜಿನಾಚೆ ನಾಳ ಅಪ್ಪನ ಲಯಕ್ಕೆ ಉಬ್ಬಿ ಕುಗ್ಗುತ್ತಿತ್ತು. ಸ್ಪೀಕರಿನಲ್ಲಿ ಧಬ್ ಧಬ್ ಧಬ್. ಗೋಡೆ ದಿನದಿನಕ್ಕೆ ದಪ್ಪವಾಯಿತು. ಇಷ್ಟು ಶ್ರದ್ಧೆಯಿಂದ ಅವಳು ಯಾವ ನಾಳವನ್ನೂ ಬೆಳೆಸಿರಲಿಲ್ಲ. ಹೆತ್ತ ಮಗುವಿಗೂ ಇಷ್ಟು ಮಾಡುತ್ತಿರಲಿಲ್ಲವೇನೋ. ಅತ್ತ ಇನಾಂದಾರ ಮಿಸುಕದೆ ಹಾಸಿಗೆಯಲ್ಲಿ ಮಲಗಿ ದಿನ ಎಣಿಸುತ್ತಿದ್ದ. ಕೆಮ್ಮಲೂ ಹೆದರಿಕೆ.

ಧಾರೆಯ ದಿನ ಸಿದರಾಯ ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ, ಗಾಲಿ ಕುರ್ಚಿಯಲ್ಲಿ ಬಂದ. ಅವನ ಕಡೆಯ ಸಾಕ್ಷಿಗೆ ಸಮಗಾರ ಓಣಿಯ ಹಿರಿಯರಿಬ್ಬರು. ಇನಾಂದಾರನ ಕಡೆಯಿಂದ ಅವನ ಮಗಳು ವಿಭಾ. ಅವಳು ಬೆಂಗಳೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು, ಅಪ್ಪನ ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಹಾಸಿಗೆಯ ಮೇಲೆ ತೆಳ್ಳನೆಯ ಚಾದರದಡಿ ಇನಾಂದಾರನ ಬಲತೊಡೆಸಂದಿಯ ಉಬ್ಬು ಬಡಿದುಕೊಳ್ಳುವುದು ಕಣ್ಣಿಗೇ ಕಾಣುತ್ತಿತ್ತು.

ಇನಾಂದಾರ ಕೈ ಮುಗಿದ. "ಬಹಳ ಉಪಕಾರ ಆತು. ನಿಮ್ಮ ಋಣ ಹೆಂಗ ತೀರಸಲಿ."

"ನನ್ನ ಗುರ್ತ ಹತ್ತಿತ್ರೇನು ಸಾಹೇಬ್ರ?"

ಹತ್ತಿರಲಿಲ್ಲ. ಸಿದರಾಯ ಧೋತರವನ್ನು ಮೇಲೆ ಸರಿಸಿ ಅರ್ಧ ತೊಡೆ ತೋರಿಸಿದ. ಇನಾಂದಾರನ ಮುಖ ನಿಧಾನಕ್ಕೆ ಬಿಳಿಚಿಕೊಂಡಿತು.

"ಅಥಣಿ... ಆ ಸಮಗಾರ..."

"ಸಿದರಾಯ ಅಂತ ಹೆಸರೈತ್ರಿ. ಇಕಿ ನನ್ನ ಮಗಳು, ಅವತ್ತ ನೀವ ಹೊರಗ ಹಾಕಿಸಿದ ಹುಡುಗಿ. ನಿಮ್ಮ ನಾಳ ಇಕೀನ ನೇಯ್ದಾಳ." ಸಿದರಾಯ ನೀರಿನ ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡ. "ರೊಕ್ಕ ಕೇಳೂ ಹಂಗಿಲ್ಲ. ಒಂದ ಮಾತ ಕೇಳ್ತೀನಿ. ಅವತ್ತ ನನ್ನ ತೊಡಿ ಮ್ಯಾಲ ಕೈ ಇಟ್ಟ ನೋಡಿದ್ರೇನು?"

"ನೋಡ್ರಿ, ಆವಾಗ ಸ್ಕ್ಯಾನ್ ಮಷೀನ್ ಕೆಟ್ಟಿತ್ತು. ಕೇಸ್ ತಡಾ ಆಗಿ ಬಂದಿತ್ತು. ನೀವೂ ಏನೇನೋ ಮೆತ್ತಿಕೊಂಡು..."

"ಮಷೀನ್ ಕೇಳಿಲ್ರಿ. ಕೈ ಕೇಳೀನಿ."

"ಅಷ್ಟ ಹಳೇ ಮಾತು ನನಗೆಲ್ಲಿ ನೆನಪದ..."

ಸಿದರಾಯ ತಂಬಿಗೆಯನ್ನು ನೆಲಕ್ಕಿಟ್ಟ. "ಮಾಯೀ, ನಡೀ. ಅಥಣಿ ಬಸ್ ತಪ್ಪತೈತಿ." ಕುರ್ಚಿ ಬಾಗಿಲಿನ ಕಡೆ ತಿರುಗಿತು. ಮಾಯಕ್ಕನಿಗೆ ಒಂದು ಗಳಿಗೆ ನಿಜವಾಗಿಯೂ ಹೊರಟುಬಿಡೋಣ ಎನಿಸಿತು. ಹೊರಟೇಬಿಡೋಣ, ಸಾಯಲಿ!

"ಬಾಬಾ!" ವಿಭಾ ಕೂಗಿದಳು. "ಏನಿದೆಯೋ ಹೇಳಿಬಿಡಿ ಬಾಬಾ!"

ಇನಾಂದಾರ ತನ್ನ ತೊಡೆಯ ಕಡೆ ನೋಡಿದ. ಚಾದರ ಏಳುತ್ತಿತ್ತು, ಬೀಳುತ್ತಿತ್ತು.

"ಇಲ್ಲ" ಎಂದ. "ಮುಟ್ಟಲಿಲ್ಲ."

"ಯಾಕ್ರಿ?"

ಇನಾಂದಾರ ಚಾದರದ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ನಿಮ್ಮ ಮಂದೀನ್ನ ನಾ ಮುಟ್ಟತಿರಲಿಲ್ಲ." ಬಾಯಿಂದ ಮಾತು ಹೊರಡಿಸಲು ಹೆಣಗುತ್ತಿದ್ದ. "ಕೈಗವಸು ಹಾಕ್ಕೊಂಡರೂ ಮುಟ್ಟತಿರಲಿಲ್ಲ. ಚಾಕು ಅಷ್ಟ ಮುಟ್ಟಸ್ತಿದ್ದೆ. ಹುಡುಗಿ ಹೇಳಿದ್ದು ಕೇಳಿಸಿತ್ತು. ನೀವೇನೂ ಮೆತ್ತಿಕೊಂಡಿರಲಿಲ್ಲ. ಅದು ನಾ ಕಟ್ಟಿದ ಮಾತು."

ವಿಭಾ ಅಪ್ಪನ ಹೆಗಲ ಮೇಲಿಟ್ಟಿದ್ದ ಕೈಯನ್ನು ತೆಗೆದಳು. ಓಣಿಯ ಹಿರಿಯನೊಬ್ಬ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಮಾಯಕ್ಕನಿಗೆ ಹೊಟ್ಟೆಯಲ್ಲಿ ಇಷ್ಟು ವರ್ಷ ಉರಿಯುತ್ತಿದ್ದದ್ದು ಆರಿತೇ? ಇಲ್ಲ. ಸುಳ್ಳು ಯಾಕೆ ಹೇಳಲಿ. ಇನ್ನಷ್ಟು ಧಗ್ಗೆಂದಿತು. ಕೇಳಿಸಿತ್ತು ಎಂದನಲ್ಲ!

ಸಿದರಾಯ ತಂಬಿಗೆ ಎತ್ತಿಕೊಂಡ. "ಇನ್ನೊಂದೈತ್ರಿ. ನನ್ನ ನರಾ ಮರೆವಿನ ನೀರಾಗ ಅದ್ದಂಗಿಲ್ಲ."

"ಅದರಿಂದ ಏನರ ಅಪಾಯ..." ಇನಾಂದಾರ ಮಾಯಕ್ಕನ ಕಡೆ ನೋಡಿದ.

"ಜೀವಕ್ಕೇನೂ ಅಪಾಯ ಇಲ್ಲ" ಎಂದಳು ಮಾಯಕ್ಕ. "ಬಡೀತಿರ್ತೈತಿ, ಅಷ್ಟ. ಒಲ್ಲೆ ಅನಿಸಿದರ ಆಮ್ಯಾಲೂ ಅಳಸಬಹುದು, ಒಂದ ಇಂಜೆಕ್ಷನ್. ಆದ್ರ ಅದಕ ಎಳಿ ಕೊಟ್ಟವರು ಹೂಂ ಅನಬೇಕು."

ಇನಾಂದಾರ ತಲೆಯಾಡಿಸಿದ. ಬಲಗೈಯನ್ನು ಮುಂದೆ ಚಾಚಿದ. ಸಿದರಾಯ ಆ ಕೈಯನ್ನು ತನ್ನ ಎಡಗೈಯಲ್ಲಿ ಭದ್ರವಾಗಿ ಹಿಡಿದು, ಅವಸರವಿಲ್ಲದೆ, ತಂಬಿಗೆ ಖಾಲಿಯಾಗುವವರೆಗೆ ನೀರು ಎರೆದ.

ಶಸ್ತ್ರಚಿಕಿತ್ಸೆ ನಫೀಸಾಳದು. ಉಬ್ಬಿನ ಮೇಲೊಂದು ಕೆಳಗೊಂದು ಇಕ್ಕಳ ಹಾಕಿ ರಕ್ತ ನಿಲ್ಲಿಸಿದಳು. ನಂಜು ತಿಂದ ಧಮನಿಯ ತುಂಡನ್ನೂ ಸುತ್ತಲಿನ ಕೊಳೆಯನ್ನೂ ಪೂರ್ತಿ ಕೊಯ್ದು ತೆಗೆದು, ಆ ಜಾಗಕ್ಕೆ ಸಿದರಾಯನ ನಾಳ ಇಟ್ಟು, ಎರಡೂ ತುದಿಗೆ ಕೂದಲಿಗಿಂತ ಸಣ್ಣ ದಾರದಿಂದ ಹೊಲಿದಳು. ಮಾಯಕ್ಕ ಗಾಜಿನಾಚೆ ನಿಂತಿದ್ದಳು. ಕೆಳಗಿನ ಇಕ್ಕಳ ಬಿಚ್ಚಿದರು, ಮೇಲಿನದನ್ನೂ ಬಿಚ್ಚಿದರು. ರಕ್ತ ನುಗ್ಗಿತು. ಒಂದು ಹನಿ ಸೋರಲಿಲ್ಲ. ಕೆಳಗೆ ಬೆಳ್ಳಗಿದ್ದ ಪಾದ ಕೆಂಪೇರಿತು.

"ಏನ್ ಗಟ್ಟಿ ಮಾಡೀಯಬೇ ಮಾರಾಯ್ತಿ!" ಎಂದಳು ನಫೀಸಾ. "ಸೂಜಿ ಇಳೀವಲ್ದಾಗಿತ್ತು."

ಕೆಲವು ತಿಂಗಳು ಕಳೆದವು. ಒಂದು ಮುಂಜಾನೆ ಅಥಣಿಯ ಸಮಗಾರ ಓಣಿಗೆ ಕಾರೊಂದು ಬಂದು ನಿಂತಿತು. ಮಾಯಕ್ಕ ರಜೆಗೆ ಬಂದಿದ್ದವಳು, ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಇನಾಂದಾರ ಎರಡೂ ಕಾಲಿನ ಮೇಲೆ ನಡೆದು ಬಂದ. ಒಳ್ಳೆಯ ನಡಿಗೆ. ಕಣ್ಣ ಕೆಳಗೆ ಮಾತ್ರ ಮಸಿ ಬಳಿದ ಹಾಗಿತ್ತು. ಹೊಸ್ತಿಲ ಹೊರಗೆ ನಿಂತ. ಯಾರೂ ಕರೆಯದಿದ್ದಾಗ ತಾನೇ ಒಳಗೆ ಬಂದು, ತೊಗಲಿನ ಚೂರುಗಳ ನಡುವೆ ಚಾಪೆಯ ಮೇಲೆ ಕೂತ.

"ಅದನ್ನ ಸುಮ್ಮನ ಮಾಡಸ್ರಿ" ಎಂದ. ಧ್ವನಿಯಲ್ಲಿ ಹಿಂದಿನ ದರ್ಪದ ಚೂರೂ ಇರಲಿಲ್ಲ. "ನನ್ನ ಎದಿ ಒಂದ ಹೇಳಿದ್ರ ಅದು ಒಂದ ಹೇಳ್ತದ. ಉಣ್ಣುವಾಗ ಬಡೀತದ. ಪೂಜಿಗೆ ಮಡಿ ಉಟ್ಟ ಕೂತರೂ ತೊಡ್ಯಾಗ ನೀವು ಕೂತಿರ್ತೀರಿ. ಮಗಳು ಮಾತಾಡಸೂದ ಬಿಟ್ಟಾಳ. ಮನ್ಯಾಗ ಅದೊಂದ ಸಪ್ಪಳ. ಒಂದ ಮಾತ, ಹೂಂ ಅನ್ರಿ. ಕೈ ಮುಗೀತೀನಿ."

"ಮುಟ್ಟಿ ನೋಡೀರೇನು?" ಎಂದ ಸಿದರಾಯ.

"ಆಂ?"

"ಹೆಂಗ ಬಡೀತೈತಿ ಅಂತ ಕೈ ಇಟ್ಟ ನೋಡೀರೇನು?"

ಇನಾಂದಾರ ಕೈಗಳನ್ನು ಮಡಿಲಿಗೆ ಎಳೆದುಕೊಂಡ. ತನ್ನ ತೊಡೆಯನ್ನೇ ಆತ ಮುಟ್ಟಿರಲಿಲ್ಲ.

ಸಿದರಾಯ ಮುಂದಕ್ಕೆ ಬಾಗಿ, ಡಾಕ್ಟರನ ಒಂದು ಕೈಯನ್ನು ಅವನದೇ ತೊಡೆಯ ಮೇಲೆ ಒತ್ತಿದ. ಇನ್ನೊಂದನ್ನು ಎಳೆದು ತನ್ನ ಮೊಂಡು ತೊಡೆಯ ಮೇಲೆ ಇಟ್ಟುಕೊಂಡ. ಎರಡೂ ಕಡೆ ಅದೇ ತಾಳ. ಇನಾಂದಾರ ಕೈ ಹಿಂದಕ್ಕೆಳೆಯಲು ನೋಡಿದ. ಸಿದರಾಯ ಬಿಡಲಿಲ್ಲ, ರಂಪಿಗೆ ಹಿಡಿದು ಹಿಡಿದು ಕಲ್ಲಾದ ಕೈ ಅದು. ಮಾಯಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಚಿಕ್ಕಂದಿನಲ್ಲಿ ತನ್ನ ಅಂಗೈ ಇದ್ದ ಜಾಗದಲ್ಲಿ ಈಗ ಅವನ ಅಂಗೈ ಇರುವುದನ್ನು ಕಣ್ಣು ತುಂಬ ನೋಡಿದಳು.

"ಇದ ನೋಡ್ರಿ ಹಲಗಿ" ಎಂದ ಸಿದರಾಯ. "ಅವತ್ತ ನೀವ ಕೇಳಲಿಲ್ಲ."

"ಹೂಂ ಅನ್ರಿ" ಎಂದು ಇನಾಂದಾರ ಅತ್ತ.

ಸಿದರಾಯ ಕೈ ಬಿಟ್ಟ. ಗೋಡೆ ಹಿಡಿದು ಒಂಟಿ ಕಾಲಿನ ಮೇಲೆ ಎದ್ದು, ಗೂಟದ ಗೊಂಚಲಿನಿಂದ ಒಂದು ಬಲಗಾಲಿನ ಚಪ್ಪಲಿ ಬಿಡಿಸಿದ. ಅದರ ಧೂಳು ಕೊಡವಿ ಡಾಕ್ಟರನ ಮುಂದೆ ಇಟ್ಟ.

"ಈ ಕಾಲು ನಂದ್ರಿ. ಬರಿಗಾಲಿಲೆ ತಿರಗಬಾರದು, ನಿಮ್ಮ ಬೂಟೂ ಹಾಕಬಾರದು. ಮೆಟ್ರಿ."

ಇನಾಂದಾರ ಬಾಗಿಲಲ್ಲಿದ್ದ ಮಾಯಕ್ಕನ ಕಡೆ, ಸಿದರಾಯನ ಕಡೆ ನೋಡಿದ. ಬಲಗಾಲಿನ ಬೂಟು ಬಿಚ್ಚಿ ಮೆಟ್ಟಿದ. ಸಿದರಾಯನ ಪಾದ ಸಣ್ಣದು, ಬೆರಳು ಸಿಕ್ಕಿಹಾಕಿಕೊಂಡವು.

"ಬಿಗಿ ಅದ ರೀ. ಕಚ್ಚತದ."

"ಕಚ್ಚಲಿ." ಸಿದರಾಯ ಮತ್ತೆ ಚಾಪೆಯ ಮೇಲೆ ಕೂತು ಸುತ್ತಿಗೆ ಎತ್ತಿಕೊಂಡ. "ಮೆಟ್ಟಿ ಮೆಟ್ಟಿ ಸವಸ್ರಿ. ಸವದ ಮ್ಯಾಲ ಬರ್ರಿ, ಇನ್ನೊಂದ ಕೊಡ್ತೀನಿ. ಆವಾಗ ಹೂಂ ಅನ್ನೂದೋ ಊಹೂಂ ಅನ್ನೂದೋ ನೋಡೂಣಂತ."

ಮಾಯಕ್ಕ ತಲೆ ಎತ್ತಿ ಗೂಟ ನೋಡಿದಳು. ಚಪ್ಪಲಿಗಳು ಇನ್ನೂ ಬೇಕಾದಷ್ಟಿದ್ದವು.

ಇನಾಂದಾರ ಬಿಚ್ಚಿದ ಬೂಟನ್ನು ಕಂಕುಳಲ್ಲಿ ಇಟ್ಟುಕೊಂಡು ಓಣಿಗಿಳಿದ. ಎಡಗಾಲಿನ ಬೂಟು ಸದ್ದಿಲ್ಲದೆ ಬೀಳುತ್ತಿತ್ತು. ಸಿದರಾಯ ಹೊಲಿದ ಚಪ್ಪಲಿ ಮಾತ್ರ ಹೆಜ್ಜೆಹೆಜ್ಜೆಗೆ ಕರಕರ ಎಂದು ಕೂಗಿಕೊಳ್ಳುತ್ತ ಹೋಯಿತು. ಸಮಗಾರ ಓಣಿಯ ಒಂದೊಂದೇ ಮನೆಯಿಂದ ಜನ ಹೊರಗೆ ಬಂದು ನೋಡಿದರು.